ತೊಡೆಯ ಗುಳಿಗಳು ಹೋಗುತ್ತವಾ?

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಸೆಲ್ಯುಲೈಟ್ ಕ್ರೀಮ್ ಹುಡುಕುತ್ತಿದ್ದೀರಾ? ದುಡ್ಡು ಕೊಡುವ ಮುಂಚೆ ಒಂದು ನಿಮಿಷ ಕೇಳಿ.

ಸೆಲ್ಯುಲೈಟ್ ಅಂದರೆ ತೊಡೆಯ ಈ ಗುಳಿಗಳೇ, ಕಾಯಿಲೆಯಲ್ಲ. ವಯಸ್ಸಿಗೆ ಬಂದ ಹೆಂಗಸರಲ್ಲಿ ನೂರಕ್ಕೆ 80ರಿಂದ 90 ಮಂದಿಗೆ ಇರುತ್ತದೆ, ತೆಳ್ಳಗಿರುವವರಿಗೂ. ಚರ್ಮದ ಕೆಳಗಿನ ನಾರಿನೆಳೆಗಳು ಒಳಕ್ಕೆ ಜಗ್ಗುತ್ತವೆ, ನಡುವಿನ ಕೊಬ್ಬು ಮೇಲಕ್ಕೆ ಉಬ್ಬುತ್ತದೆ. ಹತ್ತಿ ಹಾಸಿಗೆಗೆ ಅಲ್ಲಲ್ಲಿ ಹೊಲಿಗೆ ಹಾಕಿದಾಗ ಗುಳಿ ಬೀಳುತ್ತದಲ್ಲ, ಹಾಗೆ. ಗಂಡಸರಲ್ಲಿ ಈ ಎಳೆಗಳು ಅಡ್ಡಡ್ಡ ಹೆಣೆದುಕೊಂಡಿರುತ್ತವೆ, ಅದಕ್ಕೇ ಅವರಲ್ಲಿ ಅಪರೂಪ.

ಮೇಲೆ ಏನೇ ತಿಕ್ಕಿದರೂ ಆ ಎಳೆ ಸಡಿಲವಾಗಲ್ಲ. ಕೆಫೀನ್ ಕ್ರೀಮ್, ಮಸಾಜ್ ಎರಡರ ನುಣುಪೂ ಸ್ವಲ್ಪ ಹೊತ್ತಿನದು. ಕೊಬ್ಬು ಹೀರಿ ತೆಗೆಯುವ ಲೈಪೋಸಕ್ಷನ್ ಖಂಡಿತ ಬೇಡ, ಗುಳಿ ಹೆಚ್ಚಲೂಬಹುದು. ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿದ್ದ ಕ್ವೋ ಎಂಬ ಇಂಜೆಕ್ಷನ್ ಕೂಡ ಚರ್ಮ ಕಂದುಗಟ್ಟಿ ಕಲೆ ಉಳಿಯುತ್ತಿದ್ದುದರಿಂದ ನಿಂತುಹೋಯಿತು.

ಎಳೆಯನ್ನೇ ಕತ್ತರಿಸುವ ಸಬ್‌ಸಿಷನ್ ಕೆಲವರಿಗೆ ವರ್ಷಗಟ್ಟಲೆ ಫಲ ಕೊಡುತ್ತದೆ. ಅದನ್ನು ನುರಿತ ಚರ್ಮವೈದ್ಯರೇ ಮಾಡಬೇಕು, ಪಾರ್ಲರಿನಲ್ಲಲ್ಲ.

ಖರ್ಚಿಲ್ಲದ ದಾರಿ ಬೇಕಾ? ಬೆಳಿಗ್ಗೆ ಲಾಲ್‌ಬಾಗ್ ಬಂಡೆ ಹತ್ತಿ, ಮನೆಯಲ್ಲಿ ಬಸ್ಕಿ ಹೊಡೆಯಿರಿ. ತೊಡೆಯ ಸ್ನಾಯು ಗಟ್ಟಿಯಾದರೆ ಗುಳಿ ಕಡಿಮೆ ಎದ್ದು ಕಾಣಬಹುದು. ಪೂರ್ತಿ ಮಾಯವಾಗಲ್ಲ.

ಎರಡೂ ಕಾಲು ದಪ್ಪಗಾಗಿ, ಮುಟ್ಟಿದರೆ ನೋವಾಗಿ, ಸುಮ್ಮಸುಮ್ಮನೆ ಕಂದುಗಟ್ಟುತ್ತಿದ್ದರೆ ಮಾತ್ರ ತಡ ಮಾಡಬೇಡಿ. ಅದು ಲಿಪೆಡೀಮಾ ಎಂಬ ಕಾಯಿಲೆ ಇರಬಹುದು, ಡಾಕ್ಟರಿಗೆ ತೋರಿಸಿ.