ಕೋವಿಡ್ ಕಾಲದಲ್ಲಿ ಮಾಮೂಲಿ ಫ್ಲೂ ಎಲ್ಲಿ ಹೋಗಿತ್ತು?

ಇನ್‌ಫ್ಲುಯೆಂಜಾ ವೈರಸ್ಸಿಗೆ ಕರ್ನಾಟಕದಲ್ಲಿ ವರ್ಷಕ್ಕೆ ಎರಡು ಹಂಗಾಮು: ಮಳೆಗಾಲ ಒಂದು, ಜನವರಿಯಿಂದ ಮಾರ್ಚ್‌ವರೆಗಿನ ದಿನಗಳು ಇನ್ನೊಂದು. 2020ರ ಮಾರ್ಚ್ 25ರ ಲಾಕ್‌ಡೌನ್ ಈ ಲಯವನ್ನೇ ಮುರಿಯಿತು. ಮಾಗಡಿ ಸೇರಿದ ರಾಮನಗರ ಜಿಲ್ಲೆ ಮೇ ಆರಂಭದಲ್ಲೂ ಕೊರೊನಾ ಪ್ರಕರಣಗಳಿಲ್ಲದ ‘ಹಸಿರು ವಲಯ’ದಲ್ಲಿತ್ತು. ಆದರೆ ಅಷ್ಟರಲ್ಲೇ ಶಾಲೆ, ಸಂತೆ, ಬೆಂಗಳೂರಿನ ಓಡಾಟ ನಿಂತು, ಕೊರೊನಾ ಜೊತೆಗೆ ಉಳಿದ ವೈರಸ್‌ಗಳ ದಾರಿಯೂ ಮುಚ್ಚಿತ್ತು.

2020–21ರಲ್ಲಿ ಜಗತ್ತಿನಾದ್ಯಂತ ಆಸ್ಪತ್ರೆ ಸೇರಿದವರ ಗಂಟಲು ದ್ರವದಲ್ಲಿ ಫ್ಲೂ ತೀರಾ ಅಪರೂಪವಾಯಿತು. ಪರೀಕ್ಷೆ ಕಡಿಮೆಯಾದದ್ದೇ ಕಾರಣ ಎಂಬ ವಾದ ನಿಲ್ಲುವುದಿಲ್ಲ. ಹುಡುಕಿದ ಕಡೆಗಳಲ್ಲೂ ಅದು ಸಿಗಲಿಲ್ಲ. ಹಸುಗೂಸುಗಳ ಉಸಿರು ಕಟ್ಟಿಸುವ ಆರ್‌ಎಸ್‌ವಿಯೂ ಇಳಿಯಿತು. ನೆಗಡಿಯ ರೈನೋವೈರಸ್ ಮಾತ್ರ ತುಸು ತಗ್ಗಿ ಬೇಗ ಮರಳಿತು. ಅದಕ್ಕೆ ಕೊಬ್ಬಿನ ಹೊರಪೊರೆ ಇಲ್ಲ. ಸ್ಯಾನಿಟೈಸರಿನ ಆಲ್ಕೋಹಾಲ್ ಚೆನ್ನಾಗಿ ಕೆಡಿಸುವುದು ಆ ಪೊರೆಯನ್ನೇ. ಒಂದು ವೈರಸ್ ಹೊಕ್ಕಾಗ ಜೀವಕೋಶಗಳು ಸ್ರವಿಸುವ ಇಂಟರ್‌ಫೆರಾನ್ ಇನ್ನೊಂದನ್ನು ಕೆಲಕಾಲ ತಡೆಯುವುದೂ ಉಂಟು. ಆದರೂ ಫ್ಲೂ ಇಳಿಯಲು ಮುಖ್ಯ ಕಾರಣ ಮಾಸ್ಕ್, ಅಂತರ ಮತ್ತು ನಿಂತ ಪ್ರಯಾಣ ಎನ್ನಬೇಕು.

ನಿರ್ಬಂಧ ಸಡಿಲವಾದಾಗ ಈ ಸೋಂಕುಗಳನ್ನೇ ಕಾಣದ ಮಕ್ಕಳ ದೊಡ್ಡ ಗುಂಪೊಂದು ಸಿದ್ಧವಾಗಿತ್ತು. ಆಸ್ಟ್ರೇಲಿಯಾದಲ್ಲಿ ಚಳಿಗಾಲದ ಆರ್‌ಎಸ್‌ವಿ ಬೇಸಿಗೆಯಲ್ಲಿ ಉಕ್ಕಿತು. ಭಾರತದಲ್ಲಿ 2023ರ ಆರಂಭಕ್ಕೆ ಎಚ್3ಎನ್2 ಫ್ಲೂ ಜೋರಾಯಿತು. ಹಾಸನ ಜಿಲ್ಲೆಯಲ್ಲಿ ಒಬ್ಬ ವೃದ್ಧರು ಅದಕ್ಕೆ ಬಲಿಯಾದರು. ಬಿ/ಯಮಗಾಟ ಎಂಬ ಫ್ಲೂ ವಂಶವಂತೂ 2020ರ ಮಾರ್ಚ್ ನಂತರ ಖಚಿತವಾಗಿ ಎಲ್ಲೂ ಪತ್ತೆಯಾಗಿಲ್ಲ. ಹಾಗಾಗಿ ಅದನ್ನು ಲಸಿಕೆಯಿಂದ ಕೈಬಿಡಲು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ.