ಹಳೆ ಮನೆಯ ಜಗಲಿಗೆ ಸೊಳ್ಳೆ ಜಾಲರಿ: ಆಯ್ಕೆ ಹೇಗೆ, ಅಳವಡಿಕೆ ಹೇಗೆ?



ನಮ್ಮ ಹಳ್ಳಿಗಳ ಹೆಂಚಿನ ಮನೆಯಲ್ಲಿ ಜಗಲಿ ಎಂದರೆ ಬರೀ ಕೂರುವ ಜಾಗವಲ್ಲ. ಬೆಳಿಗ್ಗೆ ಕರೆದ ಹಾಲಿನ ಕ್ಯಾನು ಡೇರಿಗೆ ಹೋಗುವ ತನಕ ಇರುವುದು ಅಲ್ಲೇ. ಮಕ್ಕಳು ಓದುವುದು, ಹಿರಿಯರು ಮಲಗುವುದು ಅಲ್ಲೇ. ಪಕ್ಕದಲ್ಲೇ ಕೊಟ್ಟಿಗೆ. ನೊಣ, ಸೊಳ್ಳೆಗಳಿಗೆ ಜಗಲಿ ಬೇರೆ, ಕೊಟ್ಟಿಗೆ ಬೇರೆ ಎಂಬ ಭೇದವಿಲ್ಲ. ಹಾಗಾಗಿ ಮಳೆಗಾಲ ಹತ್ತಿರವಾದಂತೆ ಹಲವರು ಕೇಳುವ ಪ್ರಶ್ನೆ: "ಡಾಕ್ಟ್ರೇ, ಜಗಲಿಗೆ ಜಾಲರಿ ಹಾಕಿಸಬೇಕು ಅಂತಿದ್ದೀವಿ, ಯಾವುದು ಒಳ್ಳೇದು? ಅದನ್ನೇ ಕೊಟ್ಟಿಗೆಗೂ ಸುತ್ತ ಹೊಡೆಸಿಬಿಡೋಣವೇ?"

ಉತ್ತರ ಚಿಕ್ಕದು. ಜಗಲಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ಕೊಟ್ಟಿಗೆಯನ್ನು ಮಾತ್ರ ಅದರಿಂದ ಸುತ್ತ ಮುಚ್ಚಬೇಡಿ. ಏಕೆ, ಹೇಗೆ ಎಂಬುದನ್ನು ಮುಂದೆ ನೋಡೋಣ.

ಜಾಲರಿಯಿಂದ ಏನು ಉಪಯೋಗ?

ಮನೆನೊಣ ತಿಪ್ಪೆಯ ಮೇಲೆ ಕೂತು ಬಂದ ಕಾಲಿನಲ್ಲೇ ಹಾಲಿನ ಪಾತ್ರೆಯ ಅಂಚಿಗೂ ಸೋಸುವ ಬಟ್ಟೆಗೂ ಕೂರುತ್ತದೆ. ಅದರೊಂದಿಗೆ ಬರುವ ಸೂಕ್ಷ್ಮಾಣುಗಳು ಹಾಲು ಬೇಗ ಹುಳಿಯಾಗಲು ಕಾರಣವಾಗುತ್ತವೆ. ಸೊಳ್ಳೆಗಳಿಂದ ಮನುಷ್ಯರಿಗೆ ಡೆಂಗಿ, ಚಿಕೂನ್‌ಗುನ್ಯ, ಮಲೇರಿಯ ಬರುತ್ತವೆ. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಆದ್ದರಿಂದ ರಾತ್ರಿ ಕಟ್ಟುವ ಸೊಳ್ಳೆಪರದೆ ಒಂದರಿಂದಲೇ ರಕ್ಷಣೆ ಸಿಗುವುದಿಲ್ಲ. ಹಗಲೆಲ್ಲ ಜಗಲಿಯಲ್ಲೇ ಇರುವ ಮಗುವಿಗೆ, ಬಾಣಂತಿಗೆ, ಹಿರಿಯರಿಗೆ ಜಾಲರಿ ನಿಜವಾದ ಆಸರೆ.

ದನಗಳ ಮಾತು ಬೇರೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ವ್ಯಾಪಕವಾಗಿ ಕಾಣಿಸಿಕೊಂಡ ಚರ್ಮಗಂಟು ರೋಗ ಹರಡುವುದು ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳ ಮೂಲಕ. ಮೂರು ದಿನದ ಜ್ವರ ಹರಡುವುದು ಸೊಳ್ಳೆ ಮತ್ತು ಬಹಳ ಸಣ್ಣ ಗುಂಗುರುಗಳಿಂದ. ಈ ಗುಂಗುರಿನ ಉದ್ದ 1ರಿಂದ 3 ಮಿಲಿಮೀಟರ್ ಮಾತ್ರ. ಸಾಮಾನ್ಯ ಸೊಳ್ಳೆ ಜಾಲರಿಯ ಕಣ್ಣಿನಲ್ಲಿ ಅದು ನುಸುಳಿ ಬರುತ್ತದೆ. ಉಣ್ಣೆಗಂತೂ ಜಾಲರಿ ತಡೆಯೇ ಅಲ್ಲ. ಜಾಲರಿ ಹಾಕಿದ್ದೇವೆ ಎಂದು ಲಸಿಕೆ ತಪ್ಪಿಸುವಂತಿಲ್ಲ.

ಕಣ್ಣಿನ ಅಳತೆ ನೋಡಿ ಕೊಳ್ಳಿ

ಅಂಗಡಿಯಲ್ಲಿ "18-16 ಮೆಶ್" ಎಂದು ಕೇಳಿ. ಅಂದರೆ ಒಂದು ಅಂಗುಲಕ್ಕೆ ಒಂದು ದಿಕ್ಕಿನಲ್ಲಿ 18, ಇನ್ನೊಂದು ದಿಕ್ಕಿನಲ್ಲಿ 16 ಕಣ್ಣು. ಸೊಳ್ಳೆ, ನೊಣ ಎರಡನ್ನೂ ತಡೆಯಲು ಇಷ್ಟು ಸಾಕು. ಮಾತು ನಂಬಿ ತರಬೇಡಿ. ಟೇಪು ಹಿಡಿದು ಒಂದು ಅಂಗುಲದಲ್ಲಿ ಎಷ್ಟು ಕಣ್ಣಿದೆ ಎಂದು ನೀವೇ ಎಣಿಸಿ. ತೋಟಕ್ಕೆ ಕಟ್ಟುವ ಹಸಿರು ನೆರಳು ಪರದೆ ಅಗ್ಗವೆಂದು ತರುವವರಿದ್ದಾರೆ. ಅದು ನೆರಳಿಗೆ ಮಾಡಿದ್ದು, ಸೊಳ್ಳೆಗಲ್ಲ.

ಕಣ್ಣು ಸಣ್ಣದಾದಷ್ಟೂ ಒಳ್ಳೆಯದು ಎಂಬುದೂ ತಪ್ಪು. 18-16 ಜಾಲರಿಯಲ್ಲೇ ಸುಮಾರು ಮೂರನೇ ಒಂದು ಭಾಗ ಜಾಗವನ್ನು ಎಳೆಯೇ ತುಂಬಿರುತ್ತದೆ. ಗಾಳಿಗೆ ಉಳಿಯುವುದು ಮೂರನೇ ಎರಡು ಭಾಗ. ಧೂಳು ಕೂತರೆ ಇನ್ನೂ ಕಡಿಮೆ. ಇನ್ನೂ ಸಣ್ಣ ಕಣ್ಣಿನದು ಹಾಕಿದರೆ ಬೇಸಿಗೆಯಲ್ಲಿ ಜಗಲಿಯಲ್ಲಿ ಕೂರಲಾಗದು.

ಯಾವ ಜಾಲರಿ?

ಫೈಬರ್ ಗ್ಲಾಸ್: ಅಗ್ಗ, ತುಕ್ಕು ಹಿಡಿಯದು, ಕತ್ತರಿಯಲ್ಲಿ ಕತ್ತರಿಸಬಹುದು. ಆದರೆ ಇಲಿ ಕಡಿಯುತ್ತದೆ, ಬೆಕ್ಕು ಪರಚುತ್ತದೆ.

ನೈಲಾನ್: ಬಹಳ ಅಗ್ಗ. ಬಿಸಿಲಿಗೆ ಬೇಗ ಪೆಡಸಾಗಿ ಹರಿಯುತ್ತದೆ. ಬೇವಿನ ಸೊಪ್ಪಿನ ಹೊಗೆ ಹಾಕುವ ಮನೆಗಳಲ್ಲಿ ಕಿಡಿ ಬಿದ್ದರೆ ಕರಗುತ್ತದೆ.

ಜಿ.ಐ. ತಂತಿ: ಗಟ್ಟಿ. ಆದರೆ ಕೊಟ್ಟಿಗೆಯ ಗಂಜಲದ ಆವಿ ತಾಗುವ ಕಡೆ ಬೇಗ ತುಕ್ಕು ಹಿಡಿಯುತ್ತದೆ.

ಅಲ್ಯೂಮಿನಿಯಂ: ಹಗುರ, ತುಕ್ಕಿಲ್ಲ. ಒತ್ತಿದರೆ ತಗ್ಗು ಬೀಳುತ್ತದೆ. ಕರಾವಳಿಯ ಉಪ್ಪು ಗಾಳಿಗೆ ಸವೆಯುತ್ತದೆ.

304 ದರ್ಜೆಯ ಸ್ಟೀಲ್: ದುಬಾರಿ, ಆದರೆ ವರ್ಷಗಟ್ಟಲೆ ಬಾಳುತ್ತದೆ, ಇಲಿಯೂ ಕಡಿಯಲಾರದು.

ನನ್ನ ಸಲಹೆ: ಕೊಟ್ಟಿಗೆಗೆ ಅಂಟಿದ ಬದಿಗೆ ಮತ್ತು ಬಾಗಿಲಿಗೆ ಸ್ಟೀಲ್, ಉಳಿದ ಕಡೆ ಫೈಬರ್ ಗ್ಲಾಸ್. ಬಣ್ಣ ಕಪ್ಪು ಅಥವಾ ಬೂದು ಇರಲಿ. ಬಿಳಿ ಜಾಲರಿ ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ಅಂಗಳದಲ್ಲಿ ಕಟ್ಟಿದ ಕರು ಸರಿಯಾಗಿ ಕಾಣುವುದಿಲ್ಲ.

ಹಳೆ ಜಗಲಿಗೆ ಅಳವಡಿಸುವ ಕ್ರಮ

ಹೊಸ ಕಿಟಕಿಗೆ ಜಾಲರಿ ಹಾಕುವುದು ಸುಲಭ. ಹಳೆ ಜಗಲಿಯಲ್ಲಿ ಒಂದು ಕಂಬ ವಾಲಿರುತ್ತದೆ, ನೆಲ ಅಂಗಳದ ಕಡೆಗೆ ಇಳಿಜಾರಿರುತ್ತದೆ, ತೊಲೆ ನಡುವೆ ಬಾಗಿರುತ್ತದೆ. ಸೊಳ್ಳೆ ಬರುವುದು ಈ ಸಂದಿಗಳಿಂದಲೇ. ಜಾಲರಿ ಎಷ್ಟೇ ಒಳ್ಳೆಯದಿರಲಿ, ಅಂಚು ಸರಿಯಿಲ್ಲದಿದ್ದರೆ ಹಣ ದಂಡ.

1. ಪ್ರತಿ ಅಂಕಣವನ್ನೂ ಬೇರೆಯಾಗಿ ಅಳೆಯಿರಿ. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ, ಎತ್ತರವನ್ನು ಎಡ, ನಡು, ಬಲ ಮೂರು ಕಡೆ. ಮೂಲೆಯಿಂದ ಮೂಲೆಗೂ ಎರಡು ಅಳತೆ ತೆಗೆಯಿರಿ. ಅವು ಸಮ ಬರದಿದ್ದರೆ ಅಂಕಣ ಸೊಟ್ಟಗಿದೆ ಎಂದರ್ಥ. ಚೌಕಟ್ಟನ್ನು ಅತಿ ಚಿಕ್ಕ ಅಳತೆಗೆ ಮಾಡಿಸಿ, ಉಳಿದ ಸಂದಿಯನ್ನು ಮರದ ಪಟ್ಟಿಯಿಂದ ತುಂಬಿಸಿ.

2. ಲೆಕ್ಕ ಹಾಕಿ ಕೊಳ್ಳಿ. ಅಂಕಣ 6 ಅಡಿ ಅಗಲ, ಜಾಲರಿಯ ಭಾಗ 5 ಅಡಿ ಎತ್ತರ ಇದ್ದರೆ 30 ಚದರ ಅಡಿ. ಮೂರು ಅಂಕಣಕ್ಕೆ 90. ಮಡಚುವುದಕ್ಕೆ, ಕತ್ತರಿಸುವುದಕ್ಕೆ ಹತ್ತರಲ್ಲಿ ಒಂದು ಭಾಗ ಸೇರಿಸಿ, ಸುಮಾರು 100 ಚದರ ಅಡಿ. ಬಾಗಿಲಿನದು ಬೇರೆ. ಸುರುಳಿಯ ಅಗಲ ಎಷ್ಟೆಂದು ಮೊದಲೇ ಕೇಳಿ, ನಡುವೆ ಜೋಡಣೆ ಬಾರದಂತೆ ಅಡ್ಡಪಟ್ಟಿಯ ಜಾಗ ಗುರುತಿಸಿ.

3. ಹಳೆ ಕಂಬಕ್ಕೆ ನೇರ ಮೊಳೆ ಹೊಡೆಯಬೇಡಿ. ಒಣಗಿದ ಹಳೆ ಮರ ಸೀಳುತ್ತದೆ. ಕಂಬದ ಒಳಬದಿಗೆ ತೆಳು ಪಟ್ಟಿಯನ್ನು ಸ್ಕ್ರೂನಿಂದ ಕೂರಿಸಿ, ಅದಕ್ಕೆ ಜಾಲರಿ ಚೌಕಟ್ಟನ್ನು ತಿರುಗಿಸುವ ಚಿಲಕದಿಂದ ನಿಲ್ಲಿಸಿ. ತೊಳೆಯಲು ಬಿಚ್ಚುವಂತಿರಬೇಕು. ಪಟ್ಟಿಗಳಿಗೆ ಕೂರಿಸುವ ಮೊದಲೇ ಎಲ್ಲ ಬದಿಗೂ ಬಣ್ಣ ಹೊಡೆಯಿರಿ. ಮರದ ತುದಿ ನೇರ ಮಣ್ಣಿಗೆ ತಾಗದಿರಲಿ, ಗೆದ್ದಲು ಹಿಡಿಯುತ್ತದೆ.

4. ಕೆಳಗಿನ ಒಂದೂವರೆ, ಎರಡು ಅಡಿ ಹಲಗೆ ಅಥವಾ ಗಿಡ್ಡ ಗೋಡೆ ಇರಲಿ. ಕರುವಿನ ತಲೆ, ಕೋಳಿಯ ಉಗುರು, ಪೊರಕೆ, ಮಕ್ಕಳ ಕಾಲು ಎಲ್ಲ ತಾಗುವುದು ಅಲ್ಲೇ. ನೀರು ಹೋಗುವ ತೂತನ್ನು ಮುಚ್ಚಬೇಡಿ, ಅದಕ್ಕೂ ಜಾಲರಿಯ ತುಂಡು ಕೂರಿಸಿ.

5. ಸೂರಿನ ಸಂದಿ ಮರೆಯಬೇಡಿ. ತೊಲೆಯ ಮೇಲೆ, ಹೆಂಚು ಹೊತ್ತ ಪಕಾಸುಗಳ ನಡುವೆ ಅಂಗೈ ಅಗಲ ಬಯಲಿರುತ್ತದೆ. ಪ್ರತಿಯೊಂದಕ್ಕೂ ಜಾಲರಿಯ ಪಟ್ಟಿ ಕತ್ತರಿಸಿ ಹೊಡೆಯಿರಿ. ಹೆಂಚಿನ ನಡುವಿನ ಸಂದಿಯಿಂದಲೂ ಸ್ವಲ್ಪ ಸೊಳ್ಳೆ ಬಂದೇ ಬರುತ್ತದೆ. ಆದ್ದರಿಂದ ಮಲಗುವಾಗ ಸೊಳ್ಳೆಪರದೆ ಬಿಡಬೇಡಿ.

6. ಬಾಗಿಲು ಹೊರಕ್ಕೆ ತೆರೆಯಲಿ, ತಾನಾಗಿ ಮುಚ್ಚಲು ಸ್ಪ್ರಿಂಗ್ ಇರಲಿ. ಒಳಕ್ಕೆ ತೆರೆದರೆ ಬಾಗಿಲಿಗೆ ಅಂಟಿ ಕೂತ ಸೊಳ್ಳೆಗಳನ್ನು ನಾವೇ ಒಳಗೆ ಕರೆದಂತೆ. ಅಡಿಯಲ್ಲಿ ರಬ್ಬರ್ ಪಟ್ಟಿ ಹಾಕಿ. ಎರಡು ಕೈಯಲ್ಲೂ ಹಾಲಿನ ಪಾತ್ರೆ ಹಿಡಿದು ಬರುವವರು ನೀವು. ಮೊಣಕೈ ಅಥವಾ ಕಾಲಿನಿಂದ ಎಳೆಯಲು ಬರುವಂಥ ಹಿಡಿ ಹಾಕಿಸಿ.

7. ಸಂಜೆ ಪರೀಕ್ಷೆ ಮಾಡಿ. ಕತ್ತಲಾದ ಮೇಲೆ ಒಳಗೆ ದೀಪ ಹಾಕಿ, ಅಂಗಳದಲ್ಲಿ ನಿಂತು ನೋಡಿ. ಅಂಚಿನಲ್ಲಿ ಬೆಳಕಿನ ಗೆರೆ ಎಲ್ಲಿ ಕಾಣುತ್ತದೋ ಅಲ್ಲಿ ಸಂದಿಯಿದೆ.

ಹಣ ಸಾಲದಿದ್ದರೆ ಮೂರು ಅಂಕಣದಲ್ಲಿ ಎರಡಕ್ಕೆ ಹಾಕಿ ಒಂದನ್ನು ಬಯಲು ಬಿಡಬೇಡಿ. ಸೊಳ್ಳೆಗೆ ಆ ಒಂದು ಅಂಕಣವೇ ಸಾಕು. ಅದರ ಬದಲು ಒಂದೇ ಅಂಕಣವನ್ನು ನಾಲ್ಕೂ ಕಡೆ, ಮೇಲೂ ಮುಚ್ಚಿ ಸಣ್ಣ ಕೋಣೆಯಂತೆ ಮಾಡಿ. ಹಾಲಿನ ಕ್ಯಾನು, ಮಗುವಿನ ತೊಟ್ಟಿಲು ಅಲ್ಲಿರಲಿ. ಮುಂದಿನ ಬಟವಾಡೆಗಳಲ್ಲಿ ಉಳಿದದ್ದು ಮಾಡಿಸಿ.

ಕೊಟ್ಟಿಗೆಗೆ ಏಕೆ ಬೇಡ?

ಎಚ್.ಎಫ್. ಮಿಶ್ರತಳಿ ಹಸು ಚಳಿ ತಡೆದೀತು, ಸೆಕೆ ತಡೆಯದು. ಮೊದಲೇ ತಗ್ಗು ಮಾಡಿನ ಹಳೆ ಕೊಟ್ಟಿಗೆಗೆ ಸುತ್ತ ಸಣ್ಣ ಕಣ್ಣಿನ ಜಾಲರಿ ಹೊಡೆದರೆ ಗಾಳಿ ನಿಲ್ಲುತ್ತದೆ, ಗಂಜಲದ ಅಮೋನಿಯ ಒಳಗೇ ಉಳಿಯುತ್ತದೆ. ಹಸು ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಸರಿಯಾಗಿ ಬೆದೆಗೆ ಬರುವುದಿಲ್ಲ. ನೊಣದಿಂದ ಉಳಿಸಲು ಹೋಗಿ ಸೆಕೆಗೆ ಕೊಟ್ಟಂತಾಗುತ್ತದೆ.

ಈಗಾಗಲೇ ಹಾಕಿಸಿದ್ದರೆ ಎರಡು ಪರೀಕ್ಷೆ ಮಾಡಿ. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹಸುವಿನ ಮೂತಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ನೋಡಿ. ಕಣ್ಣು ಉರಿದರೆ ಗಾಳಿ ಸಾಲದು. ಮಧ್ಯಾಹ್ನ ಹಸುವಿನ ಪಕ್ಕೆ ಒಂದು ನಿಮಿಷಕ್ಕೆ ಎಷ್ಟು ಸಲ ಏರಿಳಿಯುತ್ತದೆ ಎಣಿಸಿ. 60 ದಾಟಿದರೆ ಹಸುವಿಗೆ ಸೆಕೆ ಹೆಚ್ಚಾಗಿದೆ. ಕೂಡಲೇ ಎರಡು ಎದುರು ಬದಿಯ ಜಾಲರಿ ಬಿಚ್ಚಿ.

ಕೊಟ್ಟಿಗೆಗೆ ಬೇಕಾದದ್ದು ಇಷ್ಟು: ಗಾಳಿ ಬೀಸುವ ಎರಡು ಬದಿ ಹಗಲೆಲ್ಲ ತೆರೆದಿರಲಿ. ಮುಸ್ಸಂಜೆಯಲ್ಲಿ ಇಳಿಸಿ ಬೆಳಿಗ್ಗೆ ಸುತ್ತಿ ಎತ್ತುವ ಪರದೆ ಕಟ್ಟಬಹುದು. ಸಾಧ್ಯವಾದರೆ ಒಂದು ಫ್ಯಾನು ಹಾಕಿ. ಸೊಳ್ಳೆ, ಗುಂಗುರು ಬೀಸುವ ಗಾಳಿಗೆ ಎದುರಾಗಿ ಹಾರಲಾರವು. ಫ್ಯಾನು ಸೆಕೆಯನ್ನೂ ಕಳೆಯುತ್ತದೆ, ಕೀಟವನ್ನೂ ದೂರವಿಡುತ್ತದೆ.

ಮೂಲ ಇರುವುದು ತಿಪ್ಪೆಯಲ್ಲಿ

ಸೆಕೆಗಾಲದಲ್ಲಿ ಮನೆನೊಣದ ಮೊಟ್ಟೆ ನೊಣವಾಗಲು 7ರಿಂದ 10 ದಿನ ಸಾಕು. ಸಗಣಿಯನ್ನು ದಿನವೂ ತೆಗೆಯಿರಿ. ತಿಪ್ಪೆ ಜಗಲಿಯಿಂದ ದೂರವಿರಲಿ. ಗೊಂತಿನ ಮೂಲೆಯಲ್ಲಿ ಗಂಜಲ ಕುಡಿದು ಕೊಳೆತ ಹುಲ್ಲಿನಲ್ಲೇ ಕಚ್ಚುವ ನೊಣ ಹುಟ್ಟುತ್ತದೆ, ಅದನ್ನು ವಾರಕ್ಕೊಮ್ಮೆ ಕೆರೆದು ತೆಗೆಯಿರಿ. ನೀರಿನ ತೊಟ್ಟಿ, ಡ್ರಮ್ಮು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ಒಣಗಿಸಿ. ಬಿಸಾಡಿದ ಟೈರು, ತೆಂಗಿನ ಚಿಪ್ಪಿನಲ್ಲಿ ನೀರು ನಿಲ್ಲದಿರಲಿ. ಜಾಲರಿಯನ್ನು ತಿಂಗಳಿಗೊಮ್ಮೆ ಮೆತ್ತನೆ ಬ್ರಷ್ಷಿನಿಂದ ತೊಳೆಯಿರಿ.

ನೆನಪಿಡಿ:

• ಜಗಲಿಗೆ ಜಾಲರಿ, ಕೊಟ್ಟಿಗೆಗೆ ಗಾಳಿ.
• ಕೊಳ್ಳುವಾಗ ಕಣ್ಣು ಎಣಿಸಿ, ಕೂರಿಸಿದ ಮೇಲೆ ಅಂಚು ನೋಡಿ.
• ಅರ್ಧ ಜಗಲಿಗೆ ಹಾಕುವ ಬದಲು ಒಂದೇ ಅಂಕಣವನ್ನು ಪೂರ್ತಿ ಮುಚ್ಚಿ.
• ಜಾಲರಿ ಇದ್ದರೂ ಲಸಿಕೆ ಬೇಕು, ಸೊಳ್ಳೆಪರದೆ ಬೇಕು, ತಿಪ್ಪೆ ದೂರವಿರಬೇಕು.

ಹಸುವಿಗೆ ಜ್ವರ, ಕುಂಟು, ಮೈಮೇಲೆ ಗಂಟು ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ ನಿಮ್ಮ ಸಂಘದ ಕಾರ್ಯದರ್ಶಿಯವರ ಮೂಲಕ ಪಶುವೈದ್ಯರಿಗೆ ತಿಳಿಸಿ. ಗಂಟು ಕಂಡ ಹಸುವನ್ನು ಅಂದೇ ಬೇರೆ ಕಡೆ ಕಟ್ಟಿ.

— ಪಶುವೈದ್ಯಾಧಿಕಾರಿ, ಹಾಲು ಒಕ್ಕೂಟ