ಹುಲ್ಲುಗಾವಲನ್ನು ಉಳುವುದರಿಂದ ಮಣ್ಣಿಗಾಗುವ ನಷ್ಟ

ಗೋಮಾಳವನ್ನಾಗಲಿ ಹಳೆಯ ಕಾವಲನ್ನಾಗಲಿ ಮೊದಲ ಸಲ ಒಡೆದು ರಾಗಿ ಬಿತ್ತಿದವನಿಗೆ ಎರಡು ಮೂರು ವರ್ಷ ಹೆಚ್ಚಿನ ಗೊಬ್ಬರವಿಲ್ಲದೆಯೇ ಒಳ್ಳೆಯ ಬೆಳೆ ಬರುವುದುಂಟೆಂದು ಬಯಲುಸೀಮೆಯ ಹಿಡುವಳಿದಾರರು ಬಲ್ಲರು. ಅದನ್ನು ಕಂಡವರು, ಇಷ್ಟು ಕಾಲ ಭೂಮಿ ವ್ಯರ್ಥವಾಗಿ ಬಿದ್ದಿತ್ತಲ್ಲಾ ಎಂದುಕೊಳ್ಳುವುದು ಸಹಜವೇ. ಆದರೆ ಆ ಬೆಳೆ ಯಾವ ಗಂಟಿನಿಂದ ಬಂದಿತೆಂದು ವಿಚಾರಿಸುವವರು ವಿರಳ.

ಗರಿಕೆ ಮೊದಲಾದ ಬಹುವಾರ್ಷಿಕ ಹುಲ್ಲುಗಳು ವರ್ಷವರ್ಷವೂ ಬೇರುಗಳ ಒಂದು ಭಾಗವನ್ನು ಮಣ್ಣಿನಲ್ಲಿಯೇ ಕಳೆದು ಹೊಸ ಬೇರುಗಳನ್ನು ತಳೆಯುವುವು. ಹೀಗೆ ಕೊಳೆತ ಬೇರು, ತರಗು, ಸಗಣಿಗಳಿಂದ ಉಂಟಾಗುವ ಸಾವಯವ ಪದಾರ್ಥದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನ ಪಾಲು ಇಂಗಾಲವಿರುವುದು. ಅದು ಮಣ್ಣಿನ ಕಣಗಳನ್ನು ಸಣ್ಣ ಸಣ್ಣ ಹೆಂಟೆಗಳಾಗಿ ಬಂಧಿಸಿ, ಅವುಗಳ ಒಡಲಿನಲ್ಲಿಯೇ ಅಡಗಿ, ಸೂಕ್ಷ್ಮಜೀವಿಗಳಿಗೆ ಸುಲಭವಾಗಿ ಸಿಕ್ಕದೆ ಉಳಿಯುವುದು. ನೇಗಿಲಾಗಲಿ ಟ್ರ್ಯಾಕ್ಟರಾಗಲಿ ಹಾಯ್ದು ಹೆಂಟೆ ಒಡೆದು ಗಾಳಿಯಾಡಿತೆಂದರೆ ಈ ಕಾವಲು ತಪ್ಪುವುದು. ಸೂಕ್ಷ್ಮಜೀವಿಗಳು ಆ ಪದಾರ್ಥವನ್ನು ಅರಗಿಸಿಕೊಂಡು, ಇಂಗಾಲವನ್ನು ಇಂಗಾಲಾಮ್ಲ ವಾಯುವಾಗಿ ಹೊರಬಿಡುವುವು. ಅದರೊಡನಿದ್ದ ಸಾರಜನಕವು ಪೈರಿಗೆ ದಕ್ಕುವುದು. ಮೊದಲ ವರ್ಷಗಳ ಸೊಂಪಾದ ಬೆಳೆಯ ಗುಟ್ಟು ಇದೇ. ಹುಲ್ಲು ಕೂಡಿಟ್ಟುದನ್ನು ಪೈರು ಉಂಡಿತು. ಕಾಳೂ ಹುಲ್ಲೂ ಕಣಕ್ಕೆ ಹೋಗುವುದರಿಂದ ಮಣ್ಣಿಗೆ ಹಿಂದಿರುಗುವುದು ಅತ್ಯಲ್ಪ.

ನಷ್ಟದ ಪ್ರಮಾಣವೇನು? ಒಂದು ಎಕರೆಯಲ್ಲಿ ಒಂದು ಅಡಿ ಆಳದ ಮಣ್ಣು ಸುಮಾರು ೧೭ ಲಕ್ಷ ಕಿಲೋಗ್ರಾಂ ತೂಗುವುದು. ಅದರಲ್ಲಿ ನೂರಕ್ಕೆ ೧ರಂತೆ ಇದ್ದ ಇಂಗಾಲವು ೦.೬ಕ್ಕೆ ಇಳಿಯಿತೆನ್ನೋಣ. ೬,೮೦೦ ಕಿಲೋಗ್ರಾಂ ಇಂಗಾಲ, ಎಂದರೆ ಸುಮಾರು ೨೫,೦೦೦ ಕಿಲೋಗ್ರಾಂ ಇಂಗಾಲಾಮ್ಲ ವಾಯು, ಒಂದೇ ಎಕರೆಯಿಂದ ಗಾಳಿಗೆ ಸೇರಿದಂತಾಯಿತು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ ೦.೫ಕ್ಕಿಂತ ಕಡಿಮೆಯಿದ್ದರೆ 'ಕಡಿಮೆ' ಎಂದೂ, ೦.೭೫ಕ್ಕೆ ಮೀರಿದರೆ 'ಹೆಚ್ಚು' ಎಂದೂ ಬರೆಯುವುದನ್ನು ನೆನೆದರೆ ಈ ಇಳಿತ ಎಷ್ಟು ದೊಡ್ಡದೆಂಬುದು ತಿಳಿಯುವುದು.

ಗುವೋ ಮತ್ತು ಗಿಫರ್ಡ್ ಎಂಬ ವಿಜ್ಞಾನಿಗಳು ನಾನಾ ದೇಶಗಳ ೭೪ ಪ್ರಬಂಧಗಳನ್ನು ಒಟ್ಟುಗೂಡಿಸಿ ೨೦೦೨ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹುಲ್ಲುಗಾವಲು ಸಾಗುವಳಿಗೆ ತಿರುಗಿದಲ್ಲಿ ಮಣ್ಣಿನ ಇಂಗಾಲವು ಸರಾಸರಿ ನೂರಕ್ಕೆ ೫೯ರಷ್ಟು ಕುಗ್ಗಿತು. ಸಾಗುವಳಿಯ ಭೂಮಿಯನ್ನು ಮರಳಿ ಹುಲ್ಲಿಗೆ ಬಿಟ್ಟಲ್ಲಿ ಹೆಚ್ಚಿದುದು ನೂರಕ್ಕೆ ೧೯ ಮಾತ್ರ. ಮಳೆ, ಮಣ್ಣು, ಆಳಗಳಿಗೆ ಅನುಗುಣವಾಗಿ ಈ ಅಂಕಿಗಳು ಊರಿಂದೂರಿಗೆ ವ್ಯತ್ಯಾಸವಾಗುವುವು. ಆದರೂ ಹೋಗುವುದು ಬೇಗ, ಬರುವುದು ನಿಧಾನ ಎಂಬುದರಲ್ಲಿ ಸಂಶಯವಿಲ್ಲ.

ಸಂಶಯಪಡುವವರು ಸ್ವತಃ ನೋಡಬಹುದು. ಕೆಂಪು ಮಣ್ಣಿನ ಗೋಮಾಳದಿಂದ ಒಂದು, ಪಕ್ಕದ ಹಳೆಯ ಹೊಲದಿಂದ ಒಂದು, ಹೀಗೆ ಎರಡು ಒಣ ಹೆಂಟೆಗಳನ್ನು ತಂದು ನೀರು ತುಂಬಿದ ಗಾಜಿನ ಲೋಟಗಳಲ್ಲಿ ಮೆಲ್ಲನೆ ಬಿಡಬೇಕು. ಹೊಲದ ಹೆಂಟೆ ಸಾಮಾನ್ಯವಾಗಿ ಬೇಗನೆ ಕರಗಿ ನೀರನ್ನು ಕದಡುವುದು. ಹುಲ್ಲಿನ ಬೇರು ಹೆಣೆದ ಹೆಂಟೆ ಬಹಳ ಹೊತ್ತು ತನ್ನ ಆಕಾರ ಬಿಡದು. ಮುಂಗಾರಿನ ಬಿರುಮಳೆಯಲ್ಲಿ ಇಳಿಜಾರಿನ ಮೇಲೆ ನಡೆಯುವುದೂ ಇದೇ.

ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಪ್ರಾಂತಗಳ ಅಮೃತಮಹಲ್ ಕಾವಲುಗಳಲ್ಲಿ ಒಂದು ಭಾಗವು ೧೯೪೦ರ ದಶಕದ ಆಹಾರಾಭಾವದ ಕಾಲದಲ್ಲಿ ಸಾಗುವಳಿಗೆ ಬಿಡಲ್ಪಟ್ಟಿತು. ಹಸಿದ ಜನಕ್ಕೆ ಅನ್ನ ಬೇಕಾಗಿದ್ದ ದಿನಗಳವು; ಅದನ್ನು ಇಂದು ಆಕ್ಷೇಪಿಸುವುದು ತರವಲ್ಲ. ತುಂಡು ಭೂಮಿಗಾಗಿ ಅರ್ಜಿ ಹಿಡಿದು ಬರುವ ಬಡವನ ಕಷ್ಟವೂ ಸುಳ್ಳಲ್ಲ. ಆದರೆ ೧೯೬೬ರ ಭೂಕಂದಾಯ ನಿಯಮಗಳಲ್ಲಿ ೧೦೦ ದನಗಳಿಗೆ ೩೦ ಎಕರೆ ಗೋಮಾಳವೆಂದು ಹೇಳಿರುವುದನ್ನೇ ಹಿಡಿದು, ಉಳಿದುದೆಲ್ಲವೂ ಹೆಚ್ಚುವರಿ ಎಂದು ಎಣಿಸುವವರು ದನಗಳನ್ನು ಲೆಕ್ಕ ಹಾಕುವರೇ ಹೊರತು ಇಳಿಜಾರನ್ನೂ ಮಣ್ಣಿನ ಆಳವನ್ನೂ ನೋಡುವುದಿಲ್ಲ. ದಿಣ್ಣೆಯ ತೆಳುಮಣ್ಣಿನ ಹುಲ್ಲನ್ನು ಒಡೆದು ಪಡೆದವನಿಗೆ ಕೆಲವೇ ವರ್ಷಗಳಲ್ಲಿ ಕಲ್ಲುನೆಲ ಉಳಿದರೆ, ಅವನಿಗೆ ಆದ ಉಪಕಾರವೇನು?

ಹುಲ್ಲುಗಾವಲೆಂದ ಮಾತ್ರಕ್ಕೆ ಇಂಗಾಲ ಸುರಕ್ಷಿತವೆಂದೂ ತಿಳಿಯಬಾರದು. ವರ್ಷವಿಡೀ ದನ ಕುರಿಗಳು ಬುಡಕ್ಕೆ ಮೇದು ನೆಲ ಬೋಳಾದ ಗೋಮಾಳವೂ ಕ್ರಮೇಣ ಬಡವಾಗುವುದು. ಗೋಮಾಳವನ್ನು ಮೂರು ನಾಲ್ಕು ಪಾಲು ಮಾಡಿ, ಮಳೆಗಾಲದ ಆರಂಭದಲ್ಲಿ ಸರದಿಯಂತೆ ಒಂದೊಂದು ಪಾಲಿಗೆ ಬಿಡುವು ಕೊಟ್ಟರೆ ಹುಲ್ಲು ಬೇರೂರಿ ಚೇತರಿಸುವುದು. ಈಗಾಗಲೇ ಒಡೆದ ಭೂಮಿಯಲ್ಲಿ ಸಮಪಾತಳಿಯ ಬದುಗಳನ್ನು ಹಾಕಿ, ಬದುಗಳ ಮೇಲೆ ಹುಲ್ಲನ್ನೇ ಬೆಳೆಸಿ, ಕೂಳೆಯನ್ನು ಸುಡದೆ, ಕೊಟ್ಟಿಗೆ ಗೊಬ್ಬರವನ್ನು ತಪ್ಪದೆ ಕೊಡತಕ್ಕದ್ದು. ರಾಗಿಯೊಡನೆ ಅವರೆ, ತೊಗರಿಯ ಅಕ್ಕಡಿ ಸಾಲು ಇಟ್ಟಲ್ಲಿ, ಉದುರುವ ತರಗೂ ಉಳಿಯುವ ಬೇರೂ ಮಣ್ಣಿಗೇ ಸೇರುವುವು.